ಟಾರ್ಚ್ ಸೆಲ್ಲಿಗೆ ಕುಂಕುಮ

ನನಗೆ ಎರಡು ಚಟಗಳಿವೆ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾಳೆ ಯಾರೋ ನಿಮ್ಮ ಕಿವಿಗೆ ಹಾಕುವುದಕ್ಕಿಂತ ನಾನೇ ಬಾಯಿಬಿಡುವುದು ಮರ್ಯಾದೆ. ಒಂದು ಸಿಗರೇಟು. ಇದು ಕಾಲೇಜಿನ ದಿನಗಳದ್ದು, ಮೈಸೂರಿನಲ್ಲಿ ಶುರುವಾಗಿ ನನ್ನ ಜೊತೆಗೇ ವೀಸಾ ತೆಗೆದುಕೊಂಡು ಅಮೆರಿಕಕ್ಕೆ ಬಂದದ್ದು. ಇನ್ನೊಂದು, ಹೋಲಿಸುವ ಚಟ. ಇದು ಹುಟ್ಟಿನಿಂದ ಬಂದದ್ದು. ನಾನು ಯಾವ ವಸ್ತುವನ್ನೂ ಸುಮ್ಮನೆ ಕೊಂಡವನಲ್ಲ. ನಮ್ಮ ಮನೆಗೆ ಒಂದು ರೈಸ್ ಕುಕ್ಕರ್ ತರಲು ನಾಲ್ಕು ತಿಂಗಳು ಎಕ್ಸೆಲ್ ಶೀಟ್ ಹಾಕಿ ಹೋಲಿಸಿದ್ದೇನೆ. ಆ ನಾಲ್ಕು ತಿಂಗಳೂ ತಳ ಹಿಡಿದ ಅನ್ನ ಉಂಡಿದ್ದೇವೆ. ವ್ಯಾನ್ ಕೊಳ್ಳುವಾಗ ಹೋಲಿಸಿ ಹೋಲಿಸಿ ಕೊನೆಗೆ ಒಂದನ್ನು ಆರಿಸಿದಾಗ, ಅದನ್ನು ತಯಾರಿಸುವುದನ್ನೇ ಕಂಪನಿಯವರು ನಿಲ್ಲಿಸಿದ್ದರು. ನನ್ನ ಹೆಂಡತಿ ವಸುಧಾ ಒಮ್ಮೆ, "ರೀ, ನನ್ನನ್ನ ನೋಡಕ್ಕೆ ಬಂದಾಗಲೂ ಶೀಟ್ ಮಾಡಿದ್ರಾ?" ಎಂದು ಕೇಳಿದ್ದಳು. ಇಲ್ಲ ಎಂದೆ. ಆಗ ನನ್ನ ಬಳಿ ಲ್ಯಾಪ್‌ಟಾಪ್ ಇರಲಿಲ್ಲ ಎಂಬ ಸತ್ಯವನ್ನು ಮಾತ್ರ ಹೇಳಲಿಲ್ಲ.

ಸಿಗರೇಟಿನ ವಿಷಯಕ್ಕೆ ಬರುತ್ತೇನೆ. ಡರ್ಹಮ್‌ನಲ್ಲಿರುವ ನಮ್ಮ ಆಫೀಸು ಒಂದಾನೊಂದು ಕಾಲದಲ್ಲಿ ತಂಬಾಕಿನ ಗೋದಾಮು. ಇಟ್ಟಿಗೆ ಗೋಡೆ, ದಪ್ಪ ಮರದ ತೊಲೆ, ಎಲ್ಲ ಹಾಗೇ ಉಳಿಸಿಕೊಂಡಿದ್ದಾರೆ. ಮಳೆ ಬಂದ ದಿನ ಗೋಡೆಗಳಿಂದ ಹಳೆಯ ಎಲೆಯ ವಾಸನೆ ಸಣ್ಣಗೆ ಏಳುತ್ತದೆ ಎಂದು ನಾನು ಹೇಳಿದರೆ ಸಹೋದ್ಯೋಗಿಗಳು ನಂಬುವುದಿಲ್ಲ; ನನ್ನ ಮೂಗಿನ ಮೇಲೆ ಅನುಮಾನ ಪಡುತ್ತಾರೆ. ಇಂಥ ಕಟ್ಟಡದಲ್ಲಿ ಕೂತವನು ಒಂದು ಸಿಗರೇಟು ಸೇದಬೇಕಾದರೆ ಪಾರ್ಕಿಂಗ್ ಲಾಟ್ ದಾಟಿ, ಕೆಂಪು ಗೆರೆ ಎಳೆದಲ್ಲಿಂದ ಆಚೆ, ಕಸದ ಡಬ್ಬದ ಪಕ್ಕ ನಿಲ್ಲಬೇಕು. ನಾನು ಹದಿಮೂರು ವರ್ಷ ಅಲ್ಲಿ ನಿಂತಿದ್ದೇನೆ. ಕಾರಿನ ಡಿಕ್ಕಿಯಲ್ಲಿ ಅದಕ್ಕೆಂದೇ ಒಂದು ಸ್ವೆಟರ್, ಡ್ಯಾಶ್‌ಬೋರ್ಡಿನ ಕೆಳಗಿನ ಖಾನೆಯಲ್ಲಿ ಸೋಂಪು, ಏಲಕ್ಕಿ, ಕೈಗೆ ಹಚ್ಚಿಕೊಳ್ಳಲು ನಿಂಬೆ ವಾಸನೆಯ ಕ್ರೀಮು. ಇಷ್ಟೆಲ್ಲ ಬಂದೋಬಸ್ತು ಮಾಡಿಕೊಂಡು ಮನೆಗೆ ಬಂದರೆ ವಸುಧಾ ಬಾಗಿಲಲ್ಲೇ, "ಇವತ್ತು ಬೀಡಾ ಅಂಗಡಿ ಬೇಗ ಕ್ಲೋಸ್ ಮಾಡಿದ್ರಾ?" ಎನ್ನುತ್ತಿದ್ದಳು. ಅವಳು ಫಾರ್ಮಸಿಸ್ಟ್. ಮೂಗೂ ಚುರುಕು, ಬಾಯಿಯೂ ಚುರುಕು.

ಹೆಂಡತಿಯ ಮಾತಿಗೆಲ್ಲ ಬಗ್ಗುವ ಆಸಾಮಿ ನಾನಲ್ಲ. ಹದಿಮೂರು ವರ್ಷ ಅವಳ ಮಾತು ಕೇಳಿಸಿಕೊಂಡ ಅಭ್ಯಾಸ ಬೇರೆ. ನನ್ನನ್ನು ಬಗ್ಗಿಸಿದ್ದು ಹನ್ನೆರಡು ವರ್ಷದ ಮಗಳು ಇಂಚರ. ಪ್ರತಿ ಗುರುವಾರ ಅವಳನ್ನು ಮಾರಿಸ್‌ವಿಲ್‌ನ ನಮ್ಮ ಮನೆಯಿಂದ ಈಜಿನ ಕ್ಲಾಸಿಗೆ ಕರೆದುಕೊಂಡು ಹೋಗುವುದು ನನ್ನ ಕೆಲಸ. ಹೋಗಲು ಇಪ್ಪತ್ತೈದು ನಿಮಿಷ, ಬರಲು ಇಪ್ಪತ್ತೈದು. ಕಾರಿನಲ್ಲಿ ಕನ್ನಡವೇ ಆಗಬೇಕು ಎಂದು ನಮ್ಮಿಬ್ಬರಲ್ಲಿ ಒಪ್ಪಂದ. ಮನೆಯಲ್ಲಿ ನಾನು ಏನು ಕೇಳಿದರೂ "ಯಾ", "ನೋಪ್" ಎನ್ನುವವಳು ಕಾರು ಹತ್ತಿದರೆ ಬಾಯಿ ಬಿಚ್ಚುತ್ತಿದ್ದಳು. "ಅಪ್ಪಾ, ನಮ್ಮ ಟೀಚರ್‌ಗೆ ಇವತ್ತು ತುಂಬಾ ಸಿಟ್ಟು ಬಂದಿತ್ತು, ಅವಳ ಮುಖ ಬದನೆಕಾಯಿ ಆಯ್ತು" ಎಂಬಂಥ ವಾಕ್ಯಗಳನ್ನು ನಾನು ವಾರವಿಡೀ ನೆನೆಸಿಕೊಂಡು ನಗುತ್ತಿದ್ದೆ. ಒಂದು ಗುರುವಾರ ಅವಳು ಬಾಗಿಲು ತೆರೆದು, ಒಳಗೆ ಕೂರದೆ, ಮೂಗು ಮುಚ್ಚಿಕೊಂಡು ನಿಂತಳು.

"ಅಪ್ಪಾ, ನಿನ್ ಕಾರ್ ಸ್ಮೆಲ್ ಬರ್ತಿದೆ. ನೀನು ಸ್ಮೋಕ್ ಮಾಡ್ತೀಯ. ಐ ನೋ."

"ಅಯ್ಯೋ, ಅದು ಆಫೀಸ್ ಬಿಲ್ಡಿಂಗ್ ವಾಸನೆ ಪುಟ್ಟಾ. ಹಳೇ ಗೋದಾಮು" ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. "ನೀನು ಬಿಡೋವರೆಗೂ ನಾನು ಈ ಕಾರಲ್ಲಿ ಕೂರಲ್ಲ" ಎಂದಳು. ಅಚ್ಚ ಕನ್ನಡದಲ್ಲಿ, ಒಂದೂ ತಪ್ಪಿಲ್ಲದೆ. ಆಮೇಲೆ ಎದುರು ಮನೆಯ ಆಂಟಿಯ ಕಾರಿನಲ್ಲಿ ಹೋದಳು. ಮುಂದಿನ ಗುರುವಾರವೂ ಹಾಗೇ, ಅದರ ಮುಂದಿನದೂ ಹಾಗೇ. ಸುಳ್ಳು ಹೇಳುವುದಿಲ್ಲ, ನನಗೆ ಅಳು ಬಂತು. ಅದನ್ನು ತಡೆಯಲು ಹೋಗಿ ಒಂದು ಸಿಗರೇಟು ಸೇದಿದೆ.

ಬಿಡಲೇಬೇಕು ಎಂದು ತೀರ್ಮಾನಿಸಿದೆ. ವಸುಧಾಗೆ ಹೇಳಿದರೆ ಅವಳು ಎರಡೇ ನಿಮಿಷದಲ್ಲಿ ಕೆಲಸ ಮುಗಿಸಿದಳು. "ನಿಕೋಟಿನ್ ಪ್ಯಾಚ್ ತಂದ್ಕೊಡ್ತೀನಿ. ಬೆಳಿಗ್ಗೆ ತೋಳಿಗೆ ಅಂಟಿಸ್ಕೊಳ್ಳಿ, ಆಸೆ ಆದಾಗ ಗಮ್ ಅಗೀರಿ. ನಮ್ಮ ಹತ್ರ ದಿನಾ ತಗೊಂಡ್ಹೋಗ್ತಾರೆ." ನನಗೆ ನಿರಾಸೆಯಾಯಿತು. ಪ್ಯಾಚ್ ಎಂದರೆ ಬ್ಯಾಂಡೇಜಿನ ತಮ್ಮ. ಅದರಲ್ಲಿ ಗುಂಡಿ ಇಲ್ಲ, ದೀಪ ಇಲ್ಲ, ಬ್ಯಾಟರಿ ಇಲ್ಲ. ಹೋಲಿಸುವುದಕ್ಕೆ ಏನಿದೆ? ಆಗಲೇ ಇಂಟರ್‌ನೆಟ್ಟಿನಲ್ಲಿ ಇ-ಸಿಗರೇಟುಗಳ ಲೋಕ ನನ್ನ ಕಣ್ಣಿಗೆ ಬಿದ್ದದ್ದು. ನೂರಾರು ಸಾಧನ, ಒಂದೊಂದಕ್ಕೂ ಒಂದೊಂದು ಬ್ಯಾಟರಿ, ಒಂದೊಂದು ಬ್ಯಾಟರಿಯ ಬಗ್ಗೆಯೂ ಜಗಳವಾಡುವ ನೂರಾರು ಜನ. ನನ್ನ ಎರಡು ಚಟಗಳೂ ಒಂದೇ ಮಂಟಪದಲ್ಲಿ ಕೂತು ಧಾರೆ ಎರೆಸಿಕೊಂಡಂತಾಯಿತು. ವಸುಧಾ, "ಅದೂ ನಿಕೋಟಿನ್ನೇ. ಒಂದು ಬಿಟ್ಟು ಇನ್ನೊಂದು ಹಿಡ್ಕೋತೀರ ಅಷ್ಟೆ" ಎಂದಳು. ನಾನು ಅಷ್ಟರಲ್ಲಿ ಹೊಸ ಶೀಟ್ ತೆರೆದಾಗಿತ್ತು.

ಮೊದಲ ಶನಿವಾರವೇ ಡರ್ಹಮ್‌ನ ಒಂದು ಅಂಗಡಿಗೆ ಹೋದೆ. ಗಲ್ಲಾದ ಹಿಂದೆ ನಮ್ಮ ಅಜ್ಜಿಯ ವಯಸ್ಸಿನ ಒಬ್ಬ ಅಮೆರಿಕನ್ ಹೆಂಗಸು ಸ್ವೆಟರ್ ಹೆಣೆಯುತ್ತ ಕೂತಿದ್ದಳು. "ದಿನಕ್ಕೆ ಎಷ್ಟು ಸೇದ್ತೀಯಾ, ಹನಿ?" ಎಂದು ಕೇಳಿದಳು. ಆರು ಎಂದೆ. ಅವಳು ಕನ್ನಡಕದ ಮೇಲಿನಿಂದ ನೋಡಿದಳು. ಹತ್ತು ಎಂದೆ. ಮತ್ತೂ ನೋಡಿದಳು. ಹದಿನಾಲ್ಕು ಎಂದೆ. "ಈಗ ಸರಿ" ಎಂದು ಹೆಣಿಗೆ ಕೆಳಗಿಟ್ಟು ಎದ್ದಳು. ಗುರುತು ಪರಿಚಯ ಇಲ್ಲದವಳ ಮುಂದೆಯೂ ಸುಳ್ಳು ಹೇಳುವಷ್ಟು ಪಳಗಿದ್ದೆ ನಾನು. ಒಂದು ಸಾಕು ಎಂದು ಅವಳು ತೋರಿಸಿದ್ದು ಒಂದನ್ನೇ. ಹೋಲಿಸಲು ಕಡಿಮೆಯೆಂದರೆ ಎರಡು ಬೇಕಲ್ಲ? ನಾನು ಮೂರು ತಂದೆ.

ಶೀಟ್ ಬೆಳೆಯಿತು. ಬ್ಯಾಟರಿಯ ಶಕ್ತಿ, ಚಾರ್ಜ್ ಆಗುವ ಹೊತ್ತು, ತೂಕ, ವಾಸನೆ, ಬೆರಳುಗಳ ನಡುವೆ ಹಿಡಿದಾಗ ಸಿಗರೇಟಿನ ಭಾವ ಹತ್ತಕ್ಕೆ ಎಷ್ಟು, ಹೆಂಡತಿಯ ಕಣ್ಣಿಗೆ ಬೀಳುವ ಸಂಭವ ಎಷ್ಟು, ಹೀಗೆ ಹದಿನಾಲ್ಕು ಕಾಲಮ್ಮುಗಳು. ಸಾಧನಗಳಿಗೆ ನಾನೇ ನಾಮಕರಣ ಮಾಡಿದ್ದೆ. ಹೈಲೈಟರ್ ಎಂಬುದು ಸೇದಿ ಬಿಸಾಡುವಂಥದ್ದು, ಮಕ್ಕಳ ಬಣ್ಣದ ಬಳಪದ ಹಾಗಿರುವುದು; ಮೀಟಿಂಗಿನಲ್ಲಿ ಅದನ್ನು ಜೇಬಿಗೆ ಸಿಕ್ಕಿಸಿಕೊಂಡು ಕೂತರೆ ಪಕ್ಕದವನು ಗೆರೆ ಎಳೆಯಲು ಕೇಳುತ್ತಾನೆ. ಪೆನ್ನು ಎಂಬುದಕ್ಕೆ ಮಾನ ಮರ್ಯಾದೆ ಉಂಟು, ಆದರೆ ಬ್ಯಾಟರಿ ಮಧ್ಯಾಹ್ನಕ್ಕೇ ಕೈ ಎತ್ತುತ್ತದೆ. ಪೆನ್‌ಡ್ರೈವ್ ಎಂಬುದು ದಿನವಿಡೀ ಬರುತ್ತದೆ, ಆದರೆ ಏನಾದರೂ ಎಡವಟ್ಟಾದರೆ ಕಣ್ಣು ಮಿಟುಕಿಸುತ್ತದೆ. ಮೂರು ಸಲ ಮಿಟುಕಿಸಿದರೆ ಚಾರ್ಜ್ ಇಲ್ಲ, ಐದು ಸಲ ಮಿಟುಕಿಸಿದರೆ ಒಳಗಿನ ಸುರುಳಿ ಸುಟ್ಟಿದೆ, ಹತ್ತು ಸಲ ಮಿಟುಕಿಸಿದರೆ ಕಂಪನಿಗೆ ಫೋನ್ ಮಾಡಬೇಕು. ಎಣಿಸಿ ಎಣಿಸಿ ನನಗೇ ಕಣ್ಣು ಮಿಟುಕುವ ಅಭ್ಯಾಸವಾಯಿತು. ಇವುಗಳಿಗೆ ತುಂಬುವ ಮಾವಿನ ರುಚಿಯ ದ್ರವವನ್ನೂ ನೋಡಿದೆ. ಬಾದಾಮಿಯಲ್ಲ, ರಸಪುರಿಯಲ್ಲ, ತೋತಾಪುರಿಯೂ ಅಲ್ಲ. ಮಾವಿನಹಣ್ಣಿನ ಚಿತ್ರ ಇರುವ ಸೋಪನ್ನು ನೆಕ್ಕಿದ ಹಾಗಿತ್ತು.

ಇನ್ನೊಂದು ಸಂಗತಿ ಗಮನಕ್ಕೆ ಬಂತು. ಸಿಗರೇಟಿಗೆ ಒಂದು ಕೊನೆ ಎಂಬುದಿದೆ. ಬೆರಳು ಸುಡುತ್ತದೆ, ಎಸೆಯುತ್ತೇವೆ, ಕೆಲಸಕ್ಕೆ ವಾಪಸು. ಇದಕ್ಕೆ ಕೊನೆಯಿಲ್ಲ. ಬೆಳಿಗ್ಗೆ ಬಾಯಿಗಿಟ್ಟರೆ ಸಂಜೆಯವರೆಗೂ ಹಾಲುಬಾಟಲಿ ಕಚ್ಚಿಕೊಂಡ ಮಗುವಿನ ಹಾಗೆ ಓಡಾಡುವುದೇ. ಇಷ್ಟಾಗಿಯೂ ಸಿಗರೇಟು ನಿಂತಿರಲಿಲ್ಲ. ಹೊಸದನ್ನು ಅಳೆಯಬೇಕಾದರೆ ಹಳೆಯದು ಹೇಗಿತ್ತೆಂದು ಆಗಾಗ ನೋಡಬೇಕಲ್ಲ? ಆ ಲೆಕ್ಕದಲ್ಲಿ ಪ್ರತಿ ಸಾಧನದ ಹಿಂದೆಯೂ ಒಂದು ಸಿಗರೇಟು ಸೇದುತ್ತಿದ್ದೆ. ಬಿಡುವುದಕ್ಕೆಂದು ಹೊರಟವನು ಮೊದಲಿಗಿಂತ ಹೆಚ್ಚು ಹೊಗೆ ಬಿಡುತ್ತಿದ್ದೆ.

ಪಕ್ಕದ ರಾಜ್ಯದ ನಾರ್‌ಕ್ರಾಸ್‌ನಲ್ಲಿ ನನ್ನ ಹಳೆಯ ರೂಮ್‌ಮೇಟ್ ವೀರೇಶ ಇದ್ದಾನೆ, ಧಾರವಾಡದವನು, ಎಂಜಿನಿಯರು. ನಾವಿಬ್ಬರೂ ಒಂದೇ ಪ್ಯಾಕಿನಿಂದ ಸೇದಿದವರು. ಅವನು ಎರಡು ವರ್ಷದ ಕೆಳಗೇ ಬಿಟ್ಟಿದ್ದ. ಯಾವ ಬ್ಯಾಟರಿ ಒಳ್ಳೆಯದು ಎಂದು ಕೇಳಲು ಫೋನ್ ಮಾಡಿ, ಅರ್ಧ ಗಂಟೆ ನನ್ನ ಶೀಟನ್ನು ಓದಿ ಹೇಳಿದೆ. ಕೊನೆಗೆ ಅವನು ಕೇಳಿದ:

"ಎಲ್ಲಾ ಬರೋಬ್ಬರಿ ಐತಿ. ಒಂದ್ ಮಾತ್ ಹೇಳಲೇ ನನಗ. ನೀ ಸಿಗರೇಟ್ ಬಿಡಾಂವೋ, ಅಂಗಡಿ ತೆಗಿಯಾಂವೋ?"

"ನೀನು ಹೇಗೆ ಬಿಟ್ಟೆ ಹೇಳೋ?"

"ನಾ ಏನ್ ಮಾಡ್ಲಿಲ್ಲಪಾ. ಒಂದಿನ ಇನ್ ಸಾಕು ಅಂದೆ, ಮೂರ್ ತಿಂಗಳ ಎಲ್ಲಾರ ಮ್ಯಾಲೂ ಒದರಾಡಿದೆ, ಮುಗೀತು."

ಒದರಾಟಕ್ಕೆ ಬ್ಯಾಟರಿ ಬೇಕಿಲ್ಲ. ನನ್ನ ಶೀಟಿನಲ್ಲಿ ಅದಕ್ಕೆ ಜಾಗವೂ ಇರಲಿಲ್ಲ. ಹಾಗಾಗಿ ಅವನ ಸಲಹೆಯನ್ನು ಕೈಬಿಟ್ಟೆ.

ಇಷ್ಟರ ನಡುವೆ ಇಂಚರ ವಾರಕ್ಕೊಮ್ಮೆ, ಎದುರು ಮನೆಯ ಕಾರು ಹತ್ತುವ ಮೊದಲು, ಈಜಿನ ಚೀಲ ಹೆಗಲಿಗೇರಿಸಿಕೊಂಡು ನನ್ನ ಮುಂದೆ ನಿಂತು ಕೇಳುತ್ತಿದ್ದಳು: "ಬಿಟ್ಯಾ?"

"ಇನ್ನೂ ಕಂಪೇರ್ ಮಾಡ್ತಿದೀನಿ ಪುಟ್ಟಾ."

ಅವಳು ತಲೆಯಾಡಿಸಿ ಹೋಗುತ್ತಿದ್ದಳು. ಬೇಸಿಗೆ ಕಳೆದು ಎಲೆಗಳು ಕೆಂಪಾಗುವವರೆಗೂ ನಾನು ಅದೇ ಉತ್ತರ ಕೊಟ್ಟೆ.

ಸೆಪ್ಟೆಂಬರ್ ಹೊತ್ತಿಗೆ ನಾನು ಡಬ್ಬಿಗೆ ಬಡ್ತಿ ಪಡೆದಿದ್ದೆ. ಡಬ್ಬಿ ಎಂದರೆ ಅಂಗೈ ತುಂಬುವ ದೊಡ್ಡ ಸಾಧನ. ಅದರ ಬ್ಯಾಟರಿಗಳು ಬೇರೆ, ತೆಗೆದು ಹಾಕಬಹುದು, ಗಾತ್ರದಲ್ಲಿ ಟಾರ್ಚಿನ ಸೆಲ್ಲಿಗಿಂತ ಒಂದಿಷ್ಟು ಉದ್ದ. ಇಂಟರ್‌ನೆಟ್ಟಿನಲ್ಲಿ ಯಾರೋ ಪುಣ್ಯಾತ್ಮ, ಬ್ಯಾಟರಿಯ ಮೇಲಿನ ಪ್ಲಾಸ್ಟಿಕ್ ಹೊದಿಕೆಯಲ್ಲಿ ಬರೆದ ಶಕ್ತಿಯೆಲ್ಲ ಬರೀ ಬೊಗಳೆ, ನಿಜವಾದ ನಂಬರು ಒಳಗಿನ ಲೋಹದ ಮೇಲಿರುತ್ತದೆ ಎಂದು ಬರೆದಿದ್ದ. ನನಗೆ ನಿದ್ದೆ ಹತ್ತೀತೆ? ನಾಲ್ಕು ಬ್ಯಾಟರಿಗಳ ಹೊದಿಕೆಯನ್ನೂ ಬ್ಲೇಡಿನಿಂದ ಸುಲಿದೆ. ಒಳಗೆ ಯಾವ ನಂಬರೂ ಇರಲಿಲ್ಲ. ಹೊದಿಕೆಯಿಲ್ಲದ ಬ್ಯಾಟರಿಯನ್ನು ಇಟ್ಟುಕೊಳ್ಳಬಾರದು, ಅಪಾಯ ಎಂದು ಅದೇ ಪುಣ್ಯಾತ್ಮ ಕೆಳಗೆ ಬರೆದಿದ್ದನ್ನು ಆಮೇಲೆ ಓದಿದೆ. ಎಲ್ಲಿ ಕೊಟ್ಟರೆ ಸರಿಯಾಗಿ ವಿಲೇವಾರಿ ಮಾಡುತ್ತಾರೆ ಎಂದು ಹೋಲಿಸಿ ನೋಡಿ ಕೊಡೋಣವೆಂದು ಗರಾಜಿನ ಶೆಲ್ಫಿನ ಮೇಲಿಟ್ಟೆ.

ಆ ಹೊತ್ತಿಗೆ ಮೈಸೂರಿನಿಂದ ಅತ್ತೆ ಬಂದಿದ್ದರು. ದಸರಾಕ್ಕೆ ಮಗಳ ಮನೆಯಲ್ಲಿ ಗೊಂಬೆ ಕೂರಿಸಬೇಕೆಂದು ಪಟ್ಟದ ಗೊಂಬೆಗಳನ್ನು ಸೀರೆಗಳಲ್ಲಿ ಸುತ್ತಿ ತಂದಿದ್ದರು. ಗರಾಜಿನಲ್ಲಿ ಗೊಂಬೆಯ ಮೆಟ್ಟಿಲಿಗೆ ಹಲಗೆ ಹುಡುಕುವಾಗ ಬ್ಯಾಟರಿಗಳನ್ನು ಕಂಡು, "ಇದೇನು ಇವರೇ?" ಎಂದು ಕೇಳಿದರು. ಇಷ್ಟು ವರ್ಷ ಸುಳ್ಳು ಹೇಳಿದ ಅನುಭವ ನಾಲಿಗೆಯ ತುದಿಗೆ ಬಂತು. "ಟಾರ್ಚ್ ಸೆಲ್ಲು ಅತ್ತೆ, ಇಲ್ಲಿ ಚಳಿಗಾಲದಲ್ಲಿ ಕರೆಂಟ್ ಹೋದ್ರೆ ಬೇಕಾಗತ್ತೆ" ಎಂದೆ. ಅವರಿಗೆ ಅಳಿಯನ ಮುಂದಾಲೋಚನೆ ಕಂಡು ಸಂತೋಷವಾಯಿತು.

ಇಲ್ಲಿ ಹಬ್ಬಗಳೆಲ್ಲ ಶನಿವಾರವೇ ಬರುತ್ತವೆ. ಪಂಚಾಂಗ ಏನೇ ಹೇಳಲಿ. ಆ ಶನಿವಾರ ಆಯುಧ ಪೂಜೆ. ಗೊಂಬೆ ನೋಡಲು ಮೂರು ಮನೆಯವರನ್ನು ಕರೆದಿದ್ದೆವು. ಗೊಂಬೆಗಳ ಮುಂದೆ ಅತ್ತೆ ಒಂದು ದೊಡ್ಡ ತಟ್ಟೆಯಲ್ಲಿ ಮರಳು ಹಾಕಿ, ರಾಗಿ ಪೈರು ಬೆಳೆಸಿ ಪಾರ್ಕ್ ಮಾಡಿದ್ದರು. ಪಕ್ಕದಲ್ಲಿ ಮನೆಯ ಆಯುಧಗಳು: ನನ್ನ ಲ್ಯಾಪ್‌ಟಾಪ್, ಡ್ರಿಲ್ಲು, ವಸುಧಾಳ ಮಿಕ್ಸಿ, ಇಂಚರಳ ಈಜಿನ ಕನ್ನಡಕ, ಎರಡು ಕಾರಿನ ಕೀಲಿ. ಪ್ರತಿಯೊಂದಕ್ಕೂ ಅರಿಶಿನ, ಕುಂಕುಮ, ಒಂದು ಹೂವು, ಒಂದು ರೂಪಾಯಿಯ ನಾಣ್ಯ. ನಾನು ಬಾಳೆಹಣ್ಣು ತರುವಷ್ಟರಲ್ಲಿ ಮಂಗಳಾರತಿ ಶುರುವಾಗಿತ್ತು. ಗಂಟೆ ಬಾರಿಸುತ್ತ ನೋಡುತ್ತೇನೆ: ಬೆಳ್ಳಿಯ ತಟ್ಟೆಯಲ್ಲಿ ನನ್ನ ನಾಲ್ಕು ಬತ್ತಲೆ ಬ್ಯಾಟರಿಗಳು ಸಾಲಾಗಿ ನಿಂತಿವೆ. ಹೊಟ್ಟೆಗೆ ಕುಂಕುಮ, ತಲೆಯ ಮೇಲೆ ಒಂದೊಂದು ನಾಣ್ಯ. ಕತ್ತಲಲ್ಲಿ ಬೆಳಕು ಕೊಡುವ ವಸ್ತುವಿಗೂ ಪೂಜೆ ಸಲ್ಲಬೇಕೆಂದು ಆ ಮಹಾತಾಯಿಗೆ ತೋಚಿತ್ತು.

ಒಂದು ನಾಣ್ಯ ಸ್ವಲ್ಪ ವಾಲಿ ಬ್ಯಾಟರಿಯ ತಲೆಗೂ ಅಂಚಿಗೂ ಒಟ್ಟಿಗೇ ತಾಗಿ ಶಾರ್ಟ್ ಆಯಿತು. ನಾನು ಬಾಯಿ ತೆರೆಯುವುದರೊಳಗೆ ಸುಂಯ್ ಎಂಬ ಸದ್ದು. ಆಮೇಲೆ ಹೊಗೆ. ಕರ್ಪೂರದ ಹೊಗೆಯೆಂದು ತಿಳಿದು ಒಬ್ಬರು ಕಣ್ಣಿಗೆ ಒತ್ತಿಕೊಳ್ಳಲು ಕೈ ಚಾಚಿದರು. ಅಷ್ಟರಲ್ಲಿ ಛಾವಣಿಯ ಅಲಾರಂ ಹೆಂಗಸಿನ ದನಿಯಲ್ಲಿ, "ಫೈರ್! ಫೈರ್!" ಎಂದು ಕಿರುಚತೊಡಗಿತು. ಇಷ್ಟು ವರ್ಷ ಕದ್ದು ಸೇದಿದರೂ ಒಮ್ಮೆಯೂ ಬಾಯಿ ಬಿಡದ ಅಲಾರಂ ಅದು. ನಾನು ಗಂಟೆ ಬಾರಿಸುತ್ತಲೇ ನಿಂತಿದ್ದೆ. ಕೈ ನಿಲ್ಲಲಿಲ್ಲ. ವಸುಧಾ ಅಡುಗೆಮನೆಗೆ ಓಡಿ ಇಕ್ಕಳ ತಂದು, ಹೊಗೆಯಾಡುವ ಬ್ಯಾಟರಿಯನ್ನು ಅದರಲ್ಲಿ ಹಿಡಿದೆತ್ತಿ, ಗೊಂಬೆಗಳ ಪಾರ್ಕಿನ ಮರಳಿನಲ್ಲಿ ಹೂತಳು. ಶೆಟ್ಟಿ ಮತ್ತು ಶೆಟ್ಟಿಯ ಹೆಂಡತಿಯ ಗೊಂಬೆಗಳು ಪಕ್ಕದಲ್ಲೇ ಕೂತು ನೋಡಿದವು. ಎಲ್ಲರನ್ನೂ ಹೊರಗೆ ಕಳಿಸಿ, ಕಿಟಕಿಗಳನ್ನು ತೆರೆದು, ಆ ಮರಳಿನ ತಟ್ಟೆಯನ್ನೇ ಹೊತ್ತು ತಂದು ಡ್ರೈವ್‌ವೇಯ ತುದಿಗೆ ಇಟ್ಟಳು.

ಡ್ರೈವ್‌ವೇಯಲ್ಲಿ ರೇಷ್ಮೆ ಸೀರೆ, ಜುಬ್ಬಾಗಳು, ಬರಿಗಾಲುಗಳು. ಯಾರಿಗೂ ಏನೂ ಆಗಿರಲಿಲ್ಲ. ಅತ್ತೆ ಹಣೆ ಚಚ್ಚಿಕೊಂಡರು. "ಟಾರ್ಚ್ ಸೆಲ್ಲು ಅಂದ್ರಲ್ಲ ನೀವು? ನನ್ನ ಕೈಯಾರೆ ಇಟ್ನಲ್ಲ! ಮಗು ಪಕ್ಕದಲ್ಲೇ ಕೂತಿತ್ತು" ಎಂದರು. ಎಲ್ಲರೂ ನನ್ನ ಕಡೆ ತಿರುಗಿದರು. ನನಗೆ ಸುಳ್ಳುಗಳು ಮುಗಿದುಹೋಗಿದ್ದವು. ಕೈಯಲ್ಲಿ ಗಂಟೆ ಇನ್ನೂ ಇತ್ತು. ಈ ಮುದುಕಿ ತನ್ನನ್ನೇ ಬೈದುಕೊಳ್ಳುತ್ತಿದ್ದಾರೆ, ನಾನು ಸುಮ್ಮನಿದ್ದೇನೆ ಎಂದು ನಾಚಿಕೆಯಾಯಿತು. ನಿಜವಾಗಿ ನಾಚಿಕೆಯಾಯಿತು.

ಆಗ ಇಂಚರ ಅಜ್ಜಿಯ ಕೈ ಹಿಡಿದುಕೊಂಡು, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ಅಜ್ಜಿ, ನಿಂದೇನೂ ತಪ್ಪಿಲ್ಲ. ಅದು ಟಾರ್ಚ್ ಸೆಲ್ ಅಲ್ಲ. ಅಪ್ಪ ಸಿಗರೇಟ್ ಬಿಡಕ್ಕೆ ತಂದಿರೋ ಬ್ಯಾಟರಿ."

ಸೇದಕ್ಕೆ ಎನ್ನಲಿಲ್ಲ, ಬಿಡಕ್ಕೆ ಎಂದಳು. ಅಷ್ಟು ಜನರ ಮುಂದೆ ನನ್ನ ಮಾನ ಹೋಗಿತ್ತು, ಆದರೆ ಪೂರ್ತಿ ಹೋಗದ ಹಾಗೆ ನೋಡಿಕೊಂಡಿದ್ದಳು. ಅವಳಿಗೆ ಇದೆಲ್ಲ ಹೇಗೆ ಗೊತ್ತು ಎಂಬುದು ತಿಳಿದದ್ದು ಮರುದಿನ ಬೆಳಿಗ್ಗೆ, ಶೀಟನ್ನು ಅಳಿಸಿಬಿಡೋಣವೆಂದು ತೆರೆದಾಗ. ನಾನು ಅದನ್ನು ಇಟ್ಟಿದ್ದು ಮನೆಯವರೆಲ್ಲರ ಫೋಟೋ, ಶಾಲೆಯ ಫಾರ್ಮು ಇರುವ ಫೋಲ್ಡರಿನಲ್ಲಿ. ಅಷ್ಟು ಬುದ್ಧಿವಂತ ನಾನು. ಹದಿನಾಲ್ಕು ಕಾಲಮ್ಮುಗಳ ಆಚೆ, ನಾನು ಯಾವತ್ತೂ ನೋಡದಿದ್ದ ಮೂಲೆಯಲ್ಲಿ, ಹದಿನೈದನೆಯದೊಂದಿತ್ತು. ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ, "ಅಪ್ಪ ಬಿಟ್ಟನಾ?" ಎಂದು ಬರೆದಿತ್ತು. ಕೆಳಗೆ ಹೈಲೈಟರಿನ ಸಾಲಿಗೆ "ನೋ". ಪೆನ್ನಿಗೆ "ನೋ". ಪೆನ್‌ಡ್ರೈವಿಗೆ "ನೋ". ಡಬ್ಬಿಗೆ "ನೋ". ಹನ್ನೊಂದು ಸಾಲು, ಹನ್ನೊಂದು "ನೋ". ಕೊನೆಯಲ್ಲಿ ನಾನು ಸೇರಿಸದ ಹನ್ನೆರಡನೆಯ ಸಾಲೊಂದಿತ್ತು: ಅಮ್ಮನ ಪ್ಯಾಚ್. ಅದರ ಮುಂದೆ ಖಾಲಿ. ನನ್ನ ಆರು ತಿಂಗಳ ಕೆಲಸದಲ್ಲಿ ಬೇಕಾಗಿದ್ದ ಕಾಲಮ್ಮು ಅದೊಂದೇ. ಅದನ್ನೇ ನಾನು ಹಾಕಿರಲಿಲ್ಲ.

ವಸುಧಾಳ ಮುಂದೆ ಹೋಗಿ ಸುಮ್ಮನೆ ತೋಳು ಚಾಚಿದೆ. ಅವಳು ಪ್ಯಾಚ್ ಅಂಟಿಸಿ ಮೇಲೊಂದು ಪಟ್ ಎಂದು ಹೊಡೆದಳು. ಯಾವ ಕಂಪನಿಯದು ಎಂದು ನೋಡಲು ಕೈ ಚಾಚಿದೆ. ಡಬ್ಬವನ್ನು ಅಕ್ಕಿಯ ಡ್ರಮ್ಮಿನಲ್ಲಿ ಬಚ್ಚಿಟ್ಟಳು. ಬ್ಯಾಟರಿಗಳು, ಪೆನ್ನು, ಹೈಲೈಟರುಗಳು ಎಲ್ಲವನ್ನೂ ಕೌಂಟಿಯ ಕಸದ ಕೇಂದ್ರಕ್ಕೆ ಕೊಟ್ಟೆ. ಕುಂಕುಮ ಹಚ್ಚಿದ ಬ್ಯಾಟರಿಗಳನ್ನು ತೆಗೆದುಕೊಂಡವನು ಇದು ಸೋರಿಕೆಯೇ ಎಂದು ಗಾಬರಿಯಾದ. ಆಮೇಲಿನ ವಾರಗಳಲ್ಲಿ ವೀರೇಶ ಹೇಳಿದ ಹಾಗೆ ಎಲ್ಲರ ಮೇಲೂ ಒದರಾಡಿದೆ. ಅತ್ತೆಯ ಮೇಲೆ ಒಮ್ಮೆ, ತಿಳಿಸಾರಿನ ಮೇಲೆ ಎರಡು ಸಲ. ಕೆಂಪು ಗೆರೆಯವರೆಗೆ ಹೋಗಿ ವಾಪಸು ಬಂದದ್ದು ಲೆಕ್ಕವಿಲ್ಲ. ಒಂದು ದಿನ ಗೆರೆ ದಾಟಿದೆ ಕೂಡ. ಮರುದಿನ ಮತ್ತೆ ಮೊದಲಿನಿಂದ ಶುರು ಮಾಡಿದೆ.

ಕಾರನ್ನು ಮೂರು ಸಲ ತೊಳೆಸಿದೆ. ಡಿಸೆಂಬರಿನ ಒಂದು ಗುರುವಾರ ಇಂಚರ ನನ್ನ ಕಾರಿನ ಬಾಗಿಲು ತೆರೆದಳು, ತಲೆ ಒಳಗೆ ಹಾಕಿ ಮೂಸಿದಳು, ಸೀಟು ಮೂಸಿದಳು, ಕೊನೆಗೆ ನನ್ನ ತೋಳಿನ ಪ್ಯಾಚನ್ನೂ ಮೂಸಿದಳು. ಆಮೇಲೆ ಮುಂದೆ ಕೂರದೆ ಹಿಂದಿನ ಸೀಟಿಗೆ ಹೋಗಿ ಬೆಲ್ಟ್ ಹಾಕಿಕೊಂಡಳು. ನನಗೆ ಎದೆ ತುಂಬಿ ಬಂತು. ಎರಡು ಸಿಗ್ನಲ್ ದಾಟಿದೆವು. ಮೂರನೆಯದರಲ್ಲಿ ನಾನೇ ಧೈರ್ಯ ಮಾಡಿದೆ.

"ಪುಟ್ಟಾ, ಶೀಟಲ್ಲಿ ಪ್ಯಾಚ್ ಮುಂದೆ ಇನ್ನೂ ಖಾಲಿ ಇದೆಯಲ್ಲ? ಒಂದು ಯೆಸ್ ಹಾಕಬಾರದಾ?"

ಕನ್ನಡಿಯಲ್ಲಿ ನೋಡಿದೆ. ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು.

"ಮತ್ತೆ ಮುಂದಿನ ಸೀಟಿಗೆ ಯಾವಾಗ ಬರ್ತೀಯ?"

"ಆಂಟಿ ಕಾರಲ್ಲಿ ಸ್ನ್ಯಾಕ್ಸ್ ಇರತ್ತೆ, ಅಪ್ಪಾ" ಎಂದಳು ಇಂಚರ, ನನ್ನದೇ ದನಿಯಲ್ಲಿ, ನನ್ನದೇ ನಿಧಾನದಲ್ಲಿ. "ಇನ್ನೂ ಕಂಪೇರ್ ಮಾಡ್ತಿದೀನಿ."